ಸಮೀಕರಣಕ್ಕೆ ದಿಕ್ಕಿಲ್ಲ

"ಮೂವತ್ತು ವರ್ಷ ಗಣಿತ ಕಲಿಸಿದವನಿಗೆ ಕಂಪ್ಯೂಟರ್ ಯಾವ ಲೆಕ್ಕ! ನನಗೆ ಬಿಡೇ!" ಎಂದು ಮೇಷ್ಟ್ರು ಕಾಲರ್ ಸರಿಮಾಡಿಕೊಂಡರು.

ಹೆಂಡತಿಯ ಹೊಲಿಗೆ ತರಗತಿಯ ನಕ್ಷೆಗಳೆಲ್ಲ, ಆರು ವರ್ಷದ ದುಡಿಮೆ, ಎಲ್ಲೋ ದೂರದ ಸರ್ವರ್‌ನಲ್ಲಿದ್ದವು. ವಿದ್ಯಾರ್ಥಿನಿಯರು ಮನೆಯಿಂದಲೇ ಅವನ್ನು ತೆರೆದು ಬಟ್ಟೆ ಕತ್ತರಿಸುತ್ತಿದ್ದರು. ಅವುಗಳ ನಕಲನ್ನು ಮನೆಯ ಕಂಪ್ಯೂಟರಿಗೂ ಇಳಿಸುವುದೇ ಮೇಷ್ಟ್ರು ಹೊತ್ತ ಮಹಾಕಾರ್ಯ.

ಮರುದಿನ ಬೆಳಿಗ್ಗೆ ತಂತ್ರಾಂಶ ತೆರೆದರು. ಪರದೆಯಲ್ಲಿ ಎಡಗಡೆ ಮನೆ, ಬಲಗಡೆ ಸರ್ವರ್. ಒಂದೊಂದೇ ಫೈಲ್ ಎಳೆಯುವುದು ದಡ್ಡರ ಕೆಲಸ! 'ಎರಡೂ ಕಡೆ ಒಂದೇ ಮಾಡು' ಎಂಬ ಗುಂಡಿ ಕಂಡಿತು. ಆಹಾ, ಸಮೀಕರಣ! ಬಾಣದ ಗುರುತು ಎಡದಿಂದ ಬಲಕ್ಕಿತ್ತು. ಇರಲಿ, ಸಮೀಕರಣಕ್ಕೆಲ್ಲಿಯ ದಿಕ್ಕು? ಒತ್ತಿಯೇಬಿಟ್ಟರು. 'ಖಚಿತವೇ?' ಎಂದಿತು ಯಂತ್ರ. ಮೇಷ್ಟ್ರನ್ನೇ ಹಾಗೆ ಕೇಳುವಷ್ಟು ಧೈರ್ಯ! ಮತ್ತೂ ಜೋರಾಗಿ ಒತ್ತಿದರು.

ಎಡಗಡೆ ತೆರೆದಿದ್ದದ್ದು ಅವರ ಗುಟ್ಟಿನ ಕಡತ, 'ಪ್ರಗತಿ'. ಕೂದಲು ಬೆಳೆಸುವ ಹೊಸ ತೈಲ ಹಚ್ಚತೊಡಗಿದಂದಿನಿಂದ ವಾರಕ್ಕೊಮ್ಮೆ, ಹುಬ್ಬಿನಿಂದ ಮೇಲಕ್ಕೆ, ಹೆಂಡತಿಯ ಅಳತೆ ಟೇಪು ಹಿಡಿದು, ನಾಲ್ಕು ದಿಕ್ಕಿನಿಂದಲೂ ತೆಗೆದ ತಮ್ಮ ಬೋಳುತಲೆಯ ಚಿತ್ರಗಳು! ಸರ್ವರ್‌ನ ನಕ್ಷೆಗಳೆಲ್ಲ ಮಾಯವಾಗಿ, ಆ ತಲೆಗಳು ಅಲ್ಲಿ ಸಾಲಾಗಿ ಕುಳಿತವು.

ಸಂಜೆಯವರೆಗೆ ಮೇಷ್ಟ್ರು ಕಂಪ್ಯೂಟರ್ ಬಿಟ್ಟು ಏಳಲಿಲ್ಲ.

"ರೀ, ಮುಗೀತಾ?"

"ಮುಗೀತು ಕಣೇ. ಎಲ್ಲಾ ಮುಗೀತು! ನಿನ್ನ ಆರು ವರ್ಷದ ಕೆಲಸಾನ ನುಂಗಿ ನೀರು ಕುಡಿದುಬಿಟ್ಟೆ," ಎಂದು ಕಣ್ಣಲ್ಲಿ ನೀರು ತಂದುಕೊಂಡರು.

ಆಕೆ ದಾರದುಂಡೆಗಳ ಡಬ್ಬಿಯಿಂದ ಪೆನ್‌ಡ್ರೈವ್ ತೆಗೆದು ತೋರಿಸಿದಳು. "ಎಲ್ಲಾ ಇದರಲ್ಲಿದೆ. ನಿನ್ನೇನೇ ಹಾಕಿಟ್ಟೆ."

"ನಿನ್ನೆ ಯಾವಾಗ?"

"ನೀವು 'ನನಗೆ ಬಿಡೇ' ಅಂದ್ರಲ್ಲ, ಆ ತಕ್ಷಣ!"

ಅವಮಾನವಾದರೂ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಅದರ ಬದಲು ಅಲ್ಲಿ ಹೋಗಿ ಕೂತಿರೋ ನನ್ನ ಬೋಳುತಲೆ ಫೋಟೋಗಳನ್ನ ಯಾರೂ ನೋಡೋದ್ರೊಳಗೆ ಅಳಿಸಿಬಿಡೇ, ಪುಣ್ಯ ಬರುತ್ತೆ!"

ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ತರಗತಿಯ ಹಿರಿಯ ವಿದ್ಯಾರ್ಥಿನಿ ಪೊಟ್ಟಣ ಹಿಡಿದು ನಿಂತಿದ್ದಳು.

"ಟೀಚರ್, ಇವತ್ತಿನ ಪಾಠ ಹೊಲಿದು ತಂದೆ. ನಾಲ್ಕೂ ಕಡೆ ಟೇಪ್ ಹಿಡಿದು ಅಳತೆ ಕೊಟ್ಟಿದ್ರಲ್ಲ, ಸುಲಭವಾಯ್ತು!"

ಪೊಟ್ಟಣದಲ್ಲಿ ನೀಲಿ ಬಟ್ಟೆಯ ಅಂದವಾದ ಟೋಪಿ!

"ಅಲ್ಲಾ ಟೀಚರ್, ಆ ಗೊಂಬೆತಲೆ ಎಲ್ಲಿ ಸಿಕ್ತು? ಎಷ್ಟು ನುಣ್ಣಗಿದೆ!"

"ಕೊಂಡಿದ್ದಲ್ಲಮ್ಮ," ಎಂದಳು ಆಕೆ, ಗಂಡನ ಕಡೆ ತಿರುಗಿ. "ಮನೇಲೇ ಇತ್ತು."

ಮೇಷ್ಟ್ರು ಟೋಪಿ ತೊಟ್ಟುಕೊಂಡರು. ಅಳತೆ ಕರಾರುವಾಕ್ಕಾಗಿತ್ತು.