ಜ್ವರ ಬಾರದ ಸೂಜಿ

ಸಂಶಯಪಡುವುದು ನನಗೆ ಕಸುಬಿನಿಂದ ಬಂದದ್ದು. ಬೆಟಗೇರಿಯಲ್ಲಿ ಬಟ್ಟೆ ಅಂಗಡಿ ಇಟ್ಟವನು ಯಾರ ಮಾತನ್ನೂ ಮೊದಲ ಸಲಕ್ಕೆ ನಂಬುವುದಿಲ್ಲ. ಬಣ್ಣ ಹೋಗುವುದಿಲ್ಲ ಎಂದು ಆಣೆ ಮಾಡಿದರೂ ಬೆರಳು ಒದ್ದೆ ಮಾಡಿಕೊಂಡು ಸೆರಗು ಉಜ್ಜಿ ನೋಡುತ್ತೇನೆ. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ಹೋಳಿಗೆಯನ್ನೂ ಬಿಚ್ಚಿ ನೋಡಿಯೇ ತಿನ್ನುವವನು. ಇಂಥ ನನ್ನ ಹೊಟ್ಟೆಯೊಳಗೆ ಕೆಲವು ವರ್ಷಗಳಿಂದ ಹಮ್ಮಿಗಿ ಊರಿನಲ್ಲಿರುವ ನನ್ನ ಅಕ್ಕನ ಕಿಡ್ನಿ ಇದೆ. ಅವಳು ಕೊಟ್ಟಳು, ನಾನು ಇಸಿದುಕೊಂಡೆ. ಅದೊಂದನ್ನು ಮಾತ್ರ ಉಜ್ಜಿ ನೋಡಲಿಲ್ಲ.

ನಮ್ಮ ಕಡೆ ನಾಗರ ಪಂಚಮಿಗೆ ತವರಿನವರೇ ಹೋಗಿ ಹೆಣ್ಣುಮಕ್ಕಳನ್ನು ಕರೆತರಬೇಕು. ಕಿಡ್ನಿ ಕೊಟ್ಟ ಅಕ್ಕನನ್ನು ಕರೆಯಲು ಆಮೇಲೆ ನಾನು ಒಮ್ಮೆಯೂ ಹೋಗಿರಲಿಲ್ಲ. ಅವಳೂರಿಗೆ ಹೋಗುವ ಮುಂಡರಗಿ ಬಸ್ಸಿನ ಗದ್ದಲದಲ್ಲಿ ಸೋಂಕು ತಗಲೀತೆಂದು ಡಾಕ್ಟರು ಬೇಡವೆಂದಿದ್ದರು. ಈ ಸಲ ಹೋಗಿಯೇ ತೀರುವೆನೆಂದು ಹಟ ಹಿಡಿದೆ. "ಹಂಗಾದ್ರ ಕೊರೊನಾದ ಬೂಸ್ಟರ್ ಹಾಕಿಸ್ಕೊಂಡು ಹೋಗ್ರಿ" ಎಂದರು. ನಾನೂ ಹೆಂಡತಿ ಗಿರಿಜಾಳೂ ಒಂದೇ ದಿನ, ಒಬ್ಬರೇ ನರ್ಸಮ್ಮನ ಕೈಯಿಂದ ಹಾಕಿಸಿಕೊಂಡೆವು.

ಸಂಜೆಯ ಹೊತ್ತಿಗೆ ಗಿರಿಜಾಳಿಗೆ ಚಳಿಜ್ವರ ಬಂದು, ತೋಳು ಬಾತು, ಹಾಸಿಗೆ ಹಿಡಿದಳು. ನನಗೆ ಏನೂ ಆಗಲಿಲ್ಲ. ಹಾಗೆ ನೋಡಿದರೆ ಒಂದು ರೊಟ್ಟಿ ಹೆಚ್ಚಿಗೇ ತಿಂದೆ. ಜ್ವರ ಬಂದರೆ ಸೂಜಿ ಹತ್ತಿತು, ಬರದಿದ್ದರೆ ಬರೀ ನೀರು ಎಂಬುದು ನಮ್ಮ ಓಣಿಯ ಪಕ್ಕಾ ತೀರ್ಮಾನ. ಕುರ್ತಕೋಟಿಯಿಂದ ಬಂದ ಗಿರಾಕಿಯೊಬ್ಬರು ನನ್ನ ಹಣೆ ಮುಟ್ಟಿ ನೋಡಿ, "ಸಾವ್ಕಾರ್ರ, ನಿಮಗ ನೀರು ಚುಚ್ಯಾರ ನೋಡ್ರಿ" ಎಂದು ಮರುಗಿದರು. ನನಗೆ ಅಷ್ಟೇ ಸಾಕಾಯಿತು. ಚುಚ್ಚುವಾಗ ನರ್ಸಮ್ಮ ಕಿಟಕಿಯ ಕಡೆ ಯಾಕೆ ನೋಡಿದರು? ಫ್ರಿಜ್ಜಿನ ಬಾಗಿಲು ಸರಿಯಾಗಿ ಮುಚ್ಚಿತ್ತೆ? ಕೊನೆಗೆ ಗಿರಿಜಾಳನ್ನೂ ಬಿಡಲಿಲ್ಲ. "ನನ್ನ ಪಾಲಿಂದೂ ನಿನಗ ಹಾಕಿರಬೇಕು" ಎಂದೆ. ಅವಳು ಕಂಬಳಿಯೊಳಗಿಂದಲೇ, "ಬೇಕಾದ್ರ ಈ ಜ್ವರ ನೀವ ತಗೋರಿ" ಎಂದಳು.

ಗದಗಿಗೆ ಹೋಗಿ ಡಾಕ್ಟರ ಮುಂದೆ ತಕರಾರು ಇಟ್ಟೆ. "ಜ್ವರ ಬರೋದು ಬಿಡೋದು ಗುರುತಲ್ರಿ. ಸೂಜಿ ಖರೇನ ಹಾಕ್ಯಾರ" ಎಂದರು. "ಆದ್ರ ನಿಮ್ಮಂಥವರ ಮೈಯಾಗ ಅದು ಎಲ್ಲಾರಷ್ಟು ಕೆಲಸ ಮಾಡಂಗಿಲ್ಲ. ಅಕ್ಕಾರ ಕಿಡ್ನಿ ಹೊರಗಿಂದು ಅಂತ ಮೈ ಅದರ ಮ್ಯಾಲೆ ಬೀಳಬಾರದಲ್ಲ, ಅದಕ್ಕ ಗುಳಿಗಿ ಕೊಟ್ಟೇವಿ. ಆ ಗುಳಿಗಿ ಮೈಯಾಗಿನ ಕಾವಲುಗಾರರನ್ನ ಮಂಪರಿನ್ಯಾಗ ಇಡ್ತಾವ. ಅಂಥವರಿಗೆ ಲಸಿಕಿ ಬಂದು ಪಾಠ ಹೇಳಿದ್ರ ತಲಿಗೆ ಹೋಗೋದು ಕಡಿಮಿ. ಅದಕ್ಕ ಮತ್ತ ಮತ್ತ ಬೂಸ್ಟರು, ಮ್ಯಾಲೆ ಮಾಸ್ಕು." ಅಂದರೆ ಊರಿಗೆಲ್ಲ ಸಂಶಯದವನೆಂದು ಹೆಸರಾದ ನನ್ನ ಮೈಯೊಳಗೆ ಸಂಶಯಪಡುವವರೇ ಇಲ್ಲ! ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಹೆದರಿದಾಗ ನನ್ನ ತಲೆ ವಿಪರೀತ ಓಡುತ್ತದೆ. ಗುಳಿಗೆಯನ್ನು ನಾಲ್ಕು ದಿನ ಬಿಟ್ಟರೆ ಕಾವಲುಗಾರರು ಎದ್ದು ಕೂತು ಪಾಠ ಕೇಳುತ್ತಾರೆ, ಆಮೇಲೆ ಮತ್ತೆ ಮಲಗಿಸಿದರಾಯಿತು. ಈ ಉಪಾಯವನ್ನು ಫೋನಿನಲ್ಲಿ ಅಕ್ಕನಿಗೇ ಹೇಳಿದೆ, ಶಾಬಾಸ್ ಅನ್ನುತ್ತಾಳೆಂದು. ಅವಳು ಫೋನ್ ಇಟ್ಟುಬಿಟ್ಟಳು.

ಮರುದಿನ ಬೆಳಿಗ್ಗೆ ಅಕ್ಕ ಮುಖಕ್ಕೆ ಮಾಸ್ಕು ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಕರೆಯದೆ ತವರಿಗೆ ಬರುವ ಹೆಣ್ಣುಮಗಳಲ್ಲ ಅವಳು. "ಯಾಕ ಅಕ್ಕಾ, ನಾನ ಕರಿಯಾಕ ಬರಾಂವ ಇದ್ನಲ್ಲ?" ಎಂದೆ.

"ನೀ ಬರೋದು ಬ್ಯಾಡ. ಗುಳಿಗಿ ಬಿಟ್ಟು ಅದನ್ನ ಹಾಳು ಮಾಡಾಂವ ಇದ್ರ ಈಗ ಹೇಳು. ನಂದು ನನಗ ವಾಪಸ್ ಕೊಟ್ಟಬಿಡು" ಎಂದು ಜೋರು ಮಾಡಿದವಳು ಅಲ್ಲೇ ಅತ್ತುಬಿಟ್ಟಳು. ಗಿರಿಜಾ ಡಾಕ್ಟರಿಗೆ ಫೋನ್ ಹಚ್ಚಿದಳು. ಗುಳಿಗೆ ಬಿಟ್ಟರೆ ಮೈ ಕಿಡ್ನಿಯ ಮೇಲೇ ಬೀಳುತ್ತದೆ, ಹೋದದ್ದು ಮತ್ತೆ ಬರುವುದಿಲ್ಲ ಎಂದು ಅವರು ಬೈದರು. ಇನ್ನೂ ಒಂದನ್ನೂ ಬಿಟ್ಟಿಲ್ಲವೆಂದು ಆಣೆ ಮಾಡಿ ಹೇಳಿದೆ. ಯಾರೂ ನಂಬಲಿಲ್ಲ.

ಪಂಚಮಿ ಉಂಡಿ ತಿನ್ನಿಸಿ, ಸೀರೆ ಉಡಿಸಿ ಅಕ್ಕನನ್ನು ಕಳಿಸಿದೆವು. ಈಗ ಗುಳಿಗೆಯ ಹೊತ್ತಿಗೆ ಸರಿಯಾಗಿ ಹಮ್ಮಿಗಿಯಿಂದ ವಿಡಿಯೊ ಕಾಲ್ ಬರುತ್ತದೆ. ಅವಳೆದುರಿಗೇ ನುಂಗಿ ನೀರು ಕುಡಿಯುತ್ತೇನೆ. "ಬಾಯಿ ತಗಿ" ಅನ್ನುತ್ತಾಳೆ, ತೆಗೆಯುತ್ತೇನೆ. "ನಾಲಿಗಿ ಎತ್ತು" ಅನ್ನುತ್ತಾಳೆ, ಎತ್ತುತ್ತೇನೆ. ಅಷ್ಟಕ್ಕೂ ಸಮಾಧಾನವಿಲ್ಲ. "ಗಿರಿಜಾ, ಖರೇನ ನುಂಗ್ಯಾನೇನು ನೋಡವಾ" ಎಂದು ಕೂಗುತ್ತಾಳೆ. ಗಿರಿಜಾ ಒಳಮನೆಯಿಂದ ಬ್ಯಾಟರಿ ಹಿಡಿದು ಬರುತ್ತಾಳೆ. ಅಂಗಡಿಯ ಗಾದಿಯ ಮೇಲೆ, ಗಿರಾಕಿಗಳ ಎದುರಿಗೆ, ನಾನು ಬಾಯಿ ತೆರೆದುಕೊಂಡೇ ಕೂತಿರುತ್ತೇನೆ. ಅಕ್ಕನ ಮಾಲು ನನ್ನಲ್ಲಿರುವ ತನಕ ಬೇರೆ ದಾರಿಯಿಲ್ಲ.