ದೊಡ್ಡ ಡಾಕ್ಟರ ಮುಂದೆ ನನ್ನ ಹೊಟ್ಟೆನೋವು

ಮೊಮ್ಮಗಳು ಜಯ ಡಾಕ್ಟರಿಕೆ ಪಾಸಾಗಿ, ಮೈಸೂರಿನ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿಯಲು ಸೇರಿ ತಿಂಗಳಾಗಿರಲಿಲ್ಲ. ಅಷ್ಟರಲ್ಲೇ ನನಗೆ ಹೊಟ್ಟೆನೋವು ಬಂತು. ಎಂಥ ಅದೃಷ್ಟ!

ಜರಿಪೇಟ ಸುತ್ತಿಕೊಂಡು ನಜರ್‌ಬಾದಿನ ನಮ್ಮ ಮನೆ ಮುಂದೆ ಜಟಕಾ ಹತ್ತಿದೆ. ನಮ್ಮವಳು ಬಾಗಿಲಲ್ಲೇ ಕೇಳಿದಳು: "ಆಸ್ಪತ್ರೆಗೆ ಹೊಂಟಿರೋದೋ, ಹೆಣ್ಣು ನೋಡೋಕೋ?"

ಜಟಕಾದವನಿಗೆ ದಾರಿಯುದ್ದಕ್ಕೂ ಮೊಮ್ಮಗಳ ವಿಷಯವನ್ನೇ ಹೇಳಿದೆ. ಪಾಪ, ಅವನಿಗೆ ಇಳಿದು ಓಡುವ ಹಾಗಿರಲಿಲ್ಲ!

ಜಯ ಹೊಟ್ಟೆ ಒತ್ತಿ ನೋಡಿದಳು. "ತಾತ, ಅಪೆಂಡಿಕ್ಸ್ ಊದ್ಕೊಂಡಿದೆ. ಇವತ್ತೇ ಆಪರೇಷನ್ ಆಗ್ಬೇಕು. ಒಳಗೇ ಒಡೆದ್ರೆ ಜೀವಕ್ಕೇ ಅಪಾಯ" ಎಂದು ಚೀಟಿಯಲ್ಲಿ ಬರೆದಳು.

ಆಗ ಅವಳ ಗುರುಗಳಾದ ದೊಡ್ಡ ಡಾಕ್ಟರು ಬಂದರು. ಹಿಂದೆ ಕೋಳಿಮರಿಗಳಂತೆ ಎಂಟು ಜನ ಹೊಸ ಡಾಕ್ಟರುಗಳು. ಗುರುಗಳು ಒಪ್ಪಿದರೆ ಮಾತ್ರ ಆಪರೇಷನ್. ಮೊಮ್ಮಗಳ ಮರ್ಯಾದೆ ನನ್ನ ಕೈಯಲ್ಲಿದೆ ಎಂದು ನನಗೆ ಹೊಳೆಯಿತು. ರೋಗ ವಾಸಿಮಾಡುವವರೇ ತಾನೆ ಡಾಕ್ಟರು? ವಾಸಿಯಾಗಿಬಿಟ್ಟರಾಯಿತು!

"ಎಲ್ಲಿ ನೋವು ಯಜಮಾನ್ರೇ?"

"ನೋವಾ? ನಮ್ ಮೊಮ್ಮಗ್ಳು ಕೈ ಮಡಗಿದ್ದೇ ತಡ, ಓಡೋಗ್ಬುಡ್ತು ಬುದ್ಧಿ!"

ಗುರುಗಳ ಹುಬ್ಬು ಮೇಲೇರಿತು. "ಏನಮ್ಮ, ನೋವೇ ಇಲ್ಲದವರಿಗೆ ಹೊಟ್ಟೆ ಕುಯ್ಯೋಕೆ ಬರೆದಿದ್ದೀಯಾ?"

ಜಯಳ ಮುಖ ಬಿಳಿಚಿಕೊಂಡಿತು. ನನ್ನ ಹೊಗಳಿಕೆ ಸಾಲಲಿಲ್ಲವೆಂದು ಭಾವಿಸಿ, ಮಂಚದಿಂದಿಳಿದು ನಾಲ್ಕು ಹೆಜ್ಜೆ ನಡೆದೂ ತೋರಿಸಿದೆ. ಕುಡುಗೋಲಿನಂತೆ ಬಗ್ಗಿ, ನಗುನಗುತ್ತಾ!

"ತಾತ, ಮಲಕ್ಕೊ!" ಎಂದು ಗದರಿದ ಜಯ ಗುರುಗಳತ್ತ ತಿರುಗಿದಳು. "ಸರ್, ಇವರ ಬಾಯಿ ನಂಬಬೇಡಿ. ಹೊಟ್ಟೆ ಮುಟ್ಟಿ ನೋಡಿ." ಮಾತು ನಡುಗಲಿಲ್ಲ.

ಗುರುಗಳು ಬಲಗಡೆ ಮೆಲ್ಲಗೆ ಒತ್ತಿದರು. ನಾನು ಹಲ್ಲು ಕಚ್ಚಿಕೊಂಡು ನಕ್ಕೆ. ಅವರು ಸರಕ್ಕನೆ ಕೈ ತೆಗೆದರು. ಒತ್ತಿದ್ದಕ್ಕಿಂತ ಬಿಟ್ಟಿದ್ದೇ ಹೆಚ್ಚು ನೋವಾಯಿತು.

"ಅಯ್ಯಯ್ಯೋ, ಸತ್ನಲ್ಲಪ್ಪೋ!"

ವಾರ್ಡಿಗೆ ವಾರ್ಡೇ ಎದ್ದು ಕೂತಿತು.

ಗುರುಗಳು ಕೋಳಿಮರಿಗಳಿಗೆ ಹೇಳಿದರು: "ನೋಡ್ರಪ್ಪಾ, ರೋಗಿ ಹೇಳೋದನ್ನ ಕೇಳಿ, ಆದ್ರೆ ಕೈಯಲ್ಲೂ ನೋಡಿ ಅಂತ ವರ್ಷಾವರ್ಷ ಗಂಟಲು ಹರ್ಕೋತೀನಿ. ನಾನು ಕಣ್ಣು ಬಿಟ್ರೆ ಸಾಕು, ಬರೆದಿದ್ದನ್ನೇ ಹೊಡೆದುಹಾಕ್ತೀರಿ. ಈ ಹುಡುಗಿ ನನಗೂ ಬಗ್ಗಲಿಲ್ಲ, ತಾತನಿಗೂ ಬಗ್ಗಲಿಲ್ಲ!"

ಆ ಮಾತು ಕೇಳಿಸಿಕೊಂಡೇ ಆಪರೇಷನ್ನಿಗೆ ಹೋದೆ. ಮತ್ತಿನ ಔಷಧಿ ಕೊಡುವ ಮೊದಲೇ ತೇಲಾಡುತ್ತಿದ್ದೆ.

ಮೂರನೆಯ ದಿನ ಗುರುಗಳು ಇನ್ನೊಂದು ಗುಂಪನ್ನು ಕರೆದುಕೊಂಡು ನನ್ನ ಮಂಚದ ಬಳಿಗೆ ಪಾಠಕ್ಕೆ ಬಂದರು. ನಾನು ದಿಂಬಿಗೊರಗಿ ಕೂತು, "ಬುದ್ಧಿ, ನಮ್ ಜಯ ಚಿಕ್ಕೋಳಿದ್ದಾಗ್ಲೇ..." ಎಂದು ಶುರುಮಾಡಿದೆ.

ಜಯ ಸರಸರನೆ ಬಂದು ನನ್ನ ಬಾಯಿಗೆ ಥರ್ಮಾಮೀಟರ್ ಇಟ್ಟಳು.

ನನಗೆ ಜ್ವರವೇನೂ ಇರಲಿಲ್ಲ. ಪಾಠ ಮುಗಿಯುವವರೆಗೂ ಅವಳು ಅದನ್ನು ತೆಗೆಯಲೂ ಇಲ್ಲ!