ಕೂರಲು ಬಿಡದ ಸೋದರತ್ತೆ

ಜನ ಕುರ್ಚಿಗಾಗಿ ಹೊಡೆದಾಡುವುದನ್ನು ನೀವು ಕಂಡಿರುತ್ತೀರಿ. ಕುರ್ಚಿಯ ಜೊತೆಗೇ ಹೊಡೆದಾಡುವವರನ್ನು ಕಂಡಿದ್ದೀರಾ? ನನ್ನ ಸೋದರತ್ತೆಯನ್ನು ನೋಡಬೇಕು!

ಅವರು ವಿಜಯಪುರದಿಂದ ನಮ್ಮ ಡೊಂಬಿವಲಿಯ ಮನೆಗೆ ಬಂದಿಳಿದದ್ದೇ ನನ್ನ ಬೆನ್ನಿನ ಸುದ್ದಿ ಕೇಳಿ. ಕಂಪನಿಯವರು ಮನೆಯಿಂದಲೇ ಕೆಲಸ ಮಾಡಿ ಎಂದ ಮೇಲೆ ನನ್ನ ಪ್ರಯಾಣವೆಲ್ಲ ಹಾಸಿಗೆಯಿಂದ ಕುರ್ಚಿಗೆ, ಕುರ್ಚಿಯಿಂದ ಹಾಸಿಗೆಗೆ. ಲೋಕಲ್ ರೈಲಿನ ನೂಕುನುಗ್ಗಲು ತಪ್ಪಿತೆಂದು ಹಿಗ್ಗಿದವನಿಗೆ ಮೊದಲು ಕತ್ತು ಹಿಡಿಯಿತು, ಆಮೇಲೆ ಸೊಂಟ. ಕೊನೆಗೆ ಎಡಗಾಲು ಜೋಮು ಹಿಡಿದು, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು.

ಅತ್ತೆ ಬಂದ ದಿನವೇ ಮೇಜಿನ ಮೇಲಿನ ನೀರಿನ ಬಾಟಲಿ ಮಾಯ! “ಅಡಗಿಮನ್ಯಾಗ ಐತಿ. ನೀರಡಿಸಿದ್ರ ಎದ್ದು ಹೋಗಿ ಕುಡಿ” ಎಂದರು. ಚಾರ್ಜರ್ ಹಜಾರಕ್ಕೆ, ಪೆನ್ನು ಫ್ರಿಜ್ಜಿನ ಮೇಲಕ್ಕೆ ವರ್ಗವಾದವು. ಲ್ಯಾಪ್‌ಟಾಪ್ ಮಾತ್ರ ನನ್ನ ಕಣ್ಣಿನ ಮಟ್ಟಕ್ಕೆ ಏರಿತು. ನೋಡಿದರೆ, ಅದರಡಿ ನನ್ನ ಮದುವೆಯ ಆಲ್ಬಮ್!

“ಹೆಂಗೂ ಯಾರೂ ತಗದು ನೋಡಂಗಿಲ್ಲ. ನಿನ್ನ ಕುತ್ತಿಗಿಗಾದ್ರೂ ಉಪಯೋಗ ಆಗ್ಲಿ!”

ಒಮ್ಮೆ ವಿಡಿಯೋ ಮೀಟಿಂಗಿನಲ್ಲಿ ಮ್ಯಾನೇಜರು ಗಂಭೀರವಾಗಿ ಏನೋ ವಿವರಿಸುತ್ತಿದ್ದರು. ಅತ್ತೆ ನನ್ನ ಹಿಂದೆ ಪ್ರತ್ಯಕ್ಷರಾಗಿ, “ಏಳೋ! ಎಷ್ಟೊತ್ತಾತು ಕುಂತು? ಭುಜಾ ತಿರುವು!” ಎಂದು ಗುಡುಗಿದರು. ನಾನೋ, ಮೈಕ್ ಬಂದ್ ಮಾಡಿರಲಿಲ್ಲ. ಕನ್ನಡ ಬರದಿದ್ದರೇನು, ಆ ದನಿ ಯಾರಿಗೆ ಅರ್ಥವಾಗುವುದಿಲ್ಲ? ಪರದೆಯ ಮೇಲೆ ಒಬ್ಬೊಬ್ಬರೇ ಎದ್ದು ನಿಂತು, ನನ್ನನ್ನು ನೋಡಿ ಭುಜ ತಿರುಗಿಸತೊಡಗಿದರು. ಎಷ್ಟು ಜನರ ಇಸ್ತ್ರಿ ಶರಟಿನ ಕೆಳಗೆ ಬರ್ಮುಡಾ ಇತ್ತೆಂಬುದು ಬಯಲಾದದ್ದು ಅಂದೇ! ಇನ್ನು ನನ್ನ ಕೆಲಸ ಹೋಯಿತು ಎಂದುಕೊಳ್ಳುವಷ್ಟರಲ್ಲಿ ಮ್ಯಾನೇಜರು ತಮ್ಮ ಕತ್ತು ಮುಟ್ಟಿ ತೋರಿಸಿ, “ಆಂಟೀಜಿ, ಗರ್ದನ್ ಕೇ ಲಿಯೇ ಭೀ ಕುಛ್ ಹೈ?” ಎಂದು ಅದಕ್ಕೂ ಮದ್ದು ಕೇಳಿದರು.

ಥಾಣೆ ಊರಿನ ಫಿಜಿಯೋಥೆರಪಿಸ್ಟ್ ಬಳಿ ಹೊರಟಾಗಲಂತೂ ಅನರ್ಥವೇ ಆಯಿತು. ಡೊಂಬಿವಲಿಯಿಂದಲೇ ಹೊರಡುವ ಲೋಕಲ್ಲಿನಲ್ಲಿ, ಪೂರ್ವಜನ್ಮದ ಪುಣ್ಯವೋ ಏನೋ, ನನಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಕೂತೆನೋ ಇಲ್ಲವೋ, ಅತ್ತೆ ನನ್ನನ್ನು ಎಬ್ಬಿಸಿದರು! “ಮನ್ಯಾಗ ಕುಂತಿದ್ದು ಸಾಲದೇನು? ನಿಂದರು!” ಡೊಂಬಿವಲಿಯಲ್ಲಿ ಸಿಕ್ಕ ಸೀಟನ್ನು ಯಾರಾದರೂ ಬಿಟ್ಟುಕೊಡುವುದುಂಟೇ? ನನ್ನ ಜಾಗದಲ್ಲಿ ಕೂತ ಮನುಷ್ಯ ಕಣ್ಣು ಮುಚ್ಚಿ ಅತ್ತೆಗೆ ಕೈಮುಗಿದ.

ಫಿಜಿಯೋಥೆರಪಿಸ್ಟ್ ನನ್ನನ್ನು ತಿರುಗಿಸಿ ಮುರುಗಿಸಿ ನೋಡಿ, ಒಂದಿಷ್ಟು ವ್ಯಾಯಾಮ ಹೇಳಿಕೊಟ್ಟರು. ಆಗಾಗ ಎದ್ದು ಓಡಾಡಬೇಕು, ಸಂಜೆ ತಪ್ಪದೆ ನಡೆಯಬೇಕು ಎಂದರು. ಹೊರಗೆ ಬಂದದ್ದೇ ಅತ್ತೆ, “ನಾ ಬಿಟ್ಟಿ ಹೇಳಿದ್ದು ಕಿವಿಗೆ ಹೋಗ್ಲಿಲ್ಲ. ಫೀ ಕೊಟ್ಟ ಕೂಡ್ಲೆ ಹೋತು ನೋಡು!” ಎಂದರು.

ಅಂದಿನಿಂದ ಪ್ರತಿ ಸಂಜೆ ಅತ್ತೆಯೂ ನಾನೂ ತರಕಾರಿ ಮಾರ್ಕೆಟ್ಟಿನ ತನಕ ನಡೆದೆವು. ನಾನು ನೆಪ ಹುಡುಕಿದ ದಿನ ಅವರು ಚಪ್ಪಲಿ ಮೆಟ್ಟಿ ಬಾಗಿಲಲ್ಲೇ ನಿಂತಿರುತ್ತಿದ್ದರು. ಹಿರಿಯರನ್ನು ಎಷ್ಟು ಹೊತ್ತು ನಿಲ್ಲಿಸುವುದು? ಹೋಗಲೇಬೇಕಾಗುತ್ತಿತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಲಿನ ಜೋಮು ಬಿಟ್ಟಿತು.

ಮೊನ್ನೆ ಅವರನ್ನು ಊರಿಗೆ ಕಳಿಸಲು ಕಲ್ಯಾಣ್ ಸ್ಟೇಷನ್ನಿಗೆ ಹೋಗಿದ್ದೆ. ಗಾಡಿ ತಡವಾಗಿತ್ತು. ಅತ್ತೆ ಬೆಂಚಿನ ಮೇಲೆ ಕೂತು ಚಪ್ಪಲಿ ಕಳಚಿದರು. ಎರಡೂ ಪಾದ ಊದಿಕೊಂಡು ಹೊಳೆಯುತ್ತಿದ್ದವು.

“ಏನತ್ತಿ ಇದು?”

“ಮೊಳಕಾಲ ಸವದಾವಂತ. ಬಾಳ ನಡೀಬ್ಯಾಡ್ರಿ ಅಂತ ಊರಾಗ ಡಾಕ್ಟರ ಹೇಳಿದ್ರು.”

“ಮತ್ತ ದಿನಾ ನನ್ನ ಕೂಡ ಯಾಕ ಬರ್ತಿದ್ರಿ?”

“ನೀ ಒಬ್ಬನ ಹೋಗ್ತಿದ್ದೇನು?”

ಗಾಡಿ ಬಂದಾಗ ಬಗ್ಗಿ ಅವರ ಪಾದ ಮುಟ್ಟಿದೆ. ಕಣ್ಣು ಒರೆಸಿಕೊಳ್ಳಲು ಬೇಕಾದಷ್ಟು ಹೊತ್ತು ಬಗ್ಗಿಯೇ ಇದ್ದೆ. ಆಶೀರ್ವಾದವೆಂದರೆ ಎಲ್ಲರೂ ತಲೆಯ ಮೇಲೆ ಕೈ ಇಡುತ್ತಾರೆ. ಅತ್ತೆಯ ಕೈ ನನ್ನ ಸೊಂಟದ ಮೇಲೆ ಬಂದು ಕೂತಿತು, ಮೆಲ್ಲಗೆ ನೀವಿತು.